ಬಾಳೆ ಬಿಟ್ಟವಳು

ತಮಿಳುನಾಡಿನ ತೇನಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಪರೇಷನ್ ಮಾಡಿ ತೆಗೆದ ಮಕ್ಕಳನ್ನೆಲ್ಲ ಮನೆಯವರಿಗೆ ಮೊದಲು ತೋರಿಸುತ್ತಿದ್ದವಳು ಆಯಾ ಕಾಮಾಕ್ಷಿಯಮ್ಮಾಳ್. ಕೊಯ್ಯುವವರು ಡಾಕ್ಟರು, ನೋವು ತಿನ್ನುವವಳು ತಾಯಿ, ಹೆಸರಿಗಾಗಿ ಜಗಳವಾಡುವವರು ಎರಡೂ ಕಡೆಯ ಅಜ್ಜಿಯರು. ಆದರೆ ಥಿಯೇಟರಿನ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಬಂದು, ಹಸಿರು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿ ಹಿಡಿದು, "ಮಹಾಲಕ್ಷ್ಮಿ ವಂದಿರುಕ್ಕಾ!" ಎಂದು ತಮಿಳಿನಲ್ಲಿ, ಮಹಾಲಕ್ಷ್ಮಿ ಬಂದಿದ್ದಾಳೆಂದು, ಸಾರುವ ಹಕ್ಕು ಅವಳೊಬ್ಬಳದು. ಗಂಡಾದರೆ ಮಹಾಲಕ್ಷ್ಮಿಯ ಜಾಗಕ್ಕೆ ಮುರುಗ ಬರುತ್ತಿದ್ದ, ಗಂಟಲು ಮಾತ್ರ ಅದೇ. ಬೇರೆ ಯಾರಾದರೂ ಮಗು ಎತ್ತಿಕೊಂಡು ಬಂದರೆ ಅವಳಿಗೆ ಮೂರು ದಿನ ಮುಖ ಊದಿರುತ್ತಿತ್ತು.

ಮಗು ತೋರಿಸಿದ ಆಯಾಳಿಗೆ ಅಜ್ಜಿಯಾದವಳು ಸಂಜೆಯೊಳಗೆ ಒಂದು ತಟ್ಟೆ ತರಬೇಕು. ಒಂದು ಚಿಪ್ಪು ಬಾಳೆಹಣ್ಣು, ಒಂದು ಹಿಡಿ ಕಲ್ಲುಸಕ್ಕರೆ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೂ ತಪ್ಪಿದವರಿಲ್ಲ. ಕಾಮಾಕ್ಷಿಯಮ್ಮಾಳ್ ಕಲ್ಲುಸಕ್ಕರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬಾಳೆಯ ಚಿಪ್ಪನ್ನು ತಟ್ಟೆಯ ಅಂಚಿನಿಂದಲೇ ಜಾರಿಸಿ ತಮಿಳರಸಿಯ ಮೇಜಿನ ಮೇಲೆ ಇಡುತ್ತಿದ್ದಳು. ತಮಿಳರಸಿ ಥಿಯೇಟರಿನ ಉಸ್ತುವಾರಿ ಸಿಸ್ಟರ್. ಉತ್ತಮಪಾಳಯದಿಂದ ದಿನಾ ಟೌನ್ ಬಸ್ಸಿನಲ್ಲಿ ಬರುವವಳು, ಬೆಳಿಗ್ಗೆ ತಿಂಡಿ ಬಿಟ್ಟು ಓಡಿ ಬರುವವಳು. ಹದಿನಾರು ವರ್ಷಗಳಿಂದ ಅವಳ ಬೆಳಗಿನ ಹಸಿವನ್ನು ನೋಡಿಕೊಂಡದ್ದು ಯಾರದೋ ಮೊಮ್ಮಕ್ಕಳ ಬಾಳೆಹಣ್ಣು.

"ನೀನು ಒಂದಾದ್ರೂ ತಿನ್ನು ಅತ್ತೆ" ಎಂದು ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿದ್ದಳು.

"ನಂಗೆ ಬ್ಯಾಡ ತಾಯೀ. ನಾನು ಬಾಳೆ ಬಿಟ್ಟಿವ್ನಿ, ಮನೆದೇವ್ರಿಗೆ."

ಅಲ್ಲಿಗೆ ಮಾತು ಮುಗಿಯಿತು. ಇಬ್ಬರೂ ಒಂದೇ ಜನ, ಅತ್ತೆ ಎನ್ನುವ ವರಸೆ ಅದರಿಂದಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದು ಈ ಕಣಿವೆಯಲ್ಲಿ ಬೇರೂರಿದವರು. ಅವರ ಹೆಂಗಸರು ಹರಕೆ ಹೊತ್ತು ಒಂದು ಹಣ್ಣನ್ನೋ ಕಾಯಿಯನ್ನೋ ಮನೆದೇವರಿಗೆ ಬಿಡುತ್ತಾರೆ. ತಮಿಳರಸಿಯ ತಾಯಿ ಪಿಚ್ಚೈಯಮ್ಮಾಳ್ ಬದನೆಕಾಯಿ ಬಿಟ್ಟವಳು. ಬಿಟ್ಟದ್ದನ್ನು ಮುಟ್ಟಬಾರದು. ಯಾಕೆ ಬಿಟ್ಟೆ ಎಂದು ಯಾರೂ ಕೇಳಲೂಬಾರದು, ಕೇಳಿದರೆ ಹರಕೆ ಒಡೆಯುತ್ತದೆ. ಹಾಗಾಗಿ ತಮಿಳರಸಿ ಕೇಳಲಿಲ್ಲ. ಹದಿನಾರು ವರ್ಷ ಹಣ್ಣು ತಿಂದಳು, ಕೇಳಲಿಲ್ಲ.

ಥಿಯೇಟರಿನಲ್ಲಿ ಅವರಿಬ್ಬರದು ಕನ್ನಡ. ಡಾಕ್ಟರಮ್ಮನ ಕೋಪ, ಹೊಸ ನರ್ಸಿನ ಪ್ರೇಮ, ಮ್ಯಾನೇಜರನ ಡೊಳ್ಳುಹೊಟ್ಟೆ, ಎಲ್ಲವೂ ರೋಗಿಯ ತಲೆಯ ಮೇಲಿನಿಂದಲೇ ಆಚೀಚೆ ದಾಟುತ್ತಿದ್ದವು, ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಕೆಲಸ ಕಲಿಸಿದವಳೂ ಕಾಮಾಕ್ಷಿಯಮ್ಮಾಳೇ. ಆಗ ಆಪರೇಷನ್‌ನಲ್ಲಿ ಹಾಕಿದ ಗ್ಲೌಸುಗಳನ್ನು ಎಸೆಯುತ್ತಿರಲಿಲ್ಲ. ತೊಳೆದು, ಗಾಳಿ ತುಂಬಿ ತೂತಿದೆಯೇ ಎಂದು ಹಿಚುಕಿ ನೋಡಿ, ಮಹಡಿಯ ತಂತಿಯ ಮೇಲೆ ಒಣಗಿಸಿ, ಒಳಗೂ ಹೊರಗೂ ಪೌಡರ್ ಹಚ್ಚಿ, ಮಡಿಸಿ, ಬೇಯಿಸಿ ಮತ್ತೆ ಹಾಕುತ್ತಿದ್ದರು. ಆ ಕೆಲಸ ಪೂರ್ತಿ ಅವಳದು. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಪೌಡರಿನ ಟ್ರೇ ಮುಂದಿಟ್ಟುಕೊಂಡು ಕೂತರೆ ಮಧ್ಯಾಹ್ನ ಎದ್ದು ಬರುವಾಗ ಅವಳ ಹುಬ್ಬೂ ಬಿಳಿ. ಬಂದವಳೇ ಕೆಮ್ಮುತ್ತಿದ್ದಳು. ಅದಕ್ಕೆ ಎಲ್ಲರೂ ಪೌಡರ್ ಕೆಮ್ಮು ಎಂದು ಹೆಸರಿಟ್ಟು ಸುಮ್ಮನಾದರು. ಹೆಸರಿಟ್ಟ ಮೇಲೆ ರೋಗಕ್ಕೆ ಔಷಧಿ ಬೇಡ ಎನ್ನುವ ಬುದ್ಧಿವಂತಿಕೆ ಆಸ್ಪತ್ರೆಗಳಲ್ಲೂ ಇದೆ.

ಈಗ ಗ್ಲೌಸು ಪ್ಯಾಕೆಟ್ಟಿನಲ್ಲಿ ಬರುತ್ತವೆ, ಪೌಡರ್ ಹಚ್ಚಿಕೊಂಡೇ ಬರುತ್ತವೆ. ಐದಾರು ವರ್ಷದಿಂದ ಕಾಮಾಕ್ಷಿಯಮ್ಮಾಳಿನ ಬೆರಳ ಸಂದಿಗಳು ಕೆಂಪಾಗಿ ಬಿರಿಯುತ್ತಿದ್ದವು. "ತೊಳೆಯೋ ಮದ್ದಿಗೆ ಇಂಗಾಯ್ತದೆ, ಎರಡು ಜೊತೆ ಗ್ಲೌಸ್ ಆಕ್ಕೋ ಅತ್ತೆ" ಎಂದು ತಮಿಳರಸಿಯೇ ಹೇಳಿದ್ದಳು. ಹೇಳಿದ್ದಷ್ಟೇ ಅಲ್ಲ, ಎರಡು ಜೊತೆ ತಾನೇ ತೆಗೆದು ಕೊಟ್ಟಿದ್ದಳು. ಕೈ ಇನ್ನಷ್ಟು ಕೆಂಪಾಯಿತು. ಕಾಮಾಕ್ಷಿಯಮ್ಮಾಳ್ ಬಾಯಿ ಬಿಡಲಿಲ್ಲ. ಥಿಯೇಟರಿನಿಂದ ತೆಗೆದು ವಾರ್ಡಿಗೆ ಹಾಕಿಬಿಟ್ಟರೆ ಮಕ್ಕಳನ್ನು ತೋರಿಸುವವರು ಯಾರು?

ಇಂಥವಳಿಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಗರ್ಭಕೋಶದಲ್ಲಿ ಗಡ್ಡೆ ಬೆಳೆದು, ರಕ್ತ ಹೋಗಲು ಶುರುವಾಗಿ, ಕೊನೆಗೆ ತಾನು ಒರೆಸುತ್ತಿದ್ದ ಟೇಬಲ್ಲಿನ ಮೇಲೆ ತಾನೇ ಮಲಗಬೇಕಾಗಿ ಬಂತು.

ಭಾನುವಾರ ಅವಳನ್ನು ಸೇರಿಸಿಕೊಳ್ಳುವಾಗ ಕೇಸ್ ಶೀಟು ತುಂಬಿದವಳು ತಮಿಳರಸಿ. ಬೇರೆ ನರ್ಸು ಬರೆಯಲು ಬಂದಾಗ "ನಮ್ಮತ್ತೆ, ನಾನೇ ಬರೀತೀನಿ" ಎಂದು ಪ್ರೀತಿಯಿಂದ ಕಿತ್ತುಕೊಂಡಳು. ಸಕ್ಕರೆ ಕಾಯಿಲೆ? ಇಲ್ಲ. ಉಬ್ಬಸ? ಪೌಡರ್ ಕೆಮ್ಮು ಅಷ್ಟೇ. ಯಾವುದಾದರೂ ಔಷಧಿ ಆಗುವುದಿಲ್ಲವೇ? ಇಲ್ಲ.

"ಊಟದಲ್ಲಿ ಏನಾದ್ರೂ ಆಗಲ್ವಾ ಅತ್ತೆ?"

"ಎಲ್ಲಾನೂ ತಿಂತೀನಿ. ಬಾಳೆ ಬಿಟ್ಟಿರೋದು ನಿಂಗೆ ಗೊತ್ತಲ್ಲ."

ಗೊತ್ತು. ಅಲರ್ಜಿ ಎಂಬುದರ ಮುಂದೆ ತಮಿಳರಸಿ ದುಂಡಗೆ "ಇಲ್ಲ" ಎಂದು ಬರೆದು ಸಹಿ ಹಾಕಿದಳು. ಆ ಬೇರೆ ನರ್ಸು ಬರೆದಿದ್ದರೆ, ಹರಕೆಯ ಗಂಧಗಾಳಿ ಇಲ್ಲದ ಅವಳು, "ಬಾಳೆಹಣ್ಣು ಯಾಕಮ್ಮಾ ತಿನ್ನಲ್ಲ?" ಎಂದು ಕೇಳಿಯೇ ಕೇಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಹೊಟ್ಟೆ ತೆರೆದು ಕೈ ಒಳಗೆ ಇಟ್ಟ ಕಾಲು ಗಂಟೆಗೆ ಯಂತ್ರ ಕೂಗಿಕೊಂಡಿತು. ಕಾಮಾಕ್ಷಿಯಮ್ಮಾಳಿನ ಎದೆಯ ಮೇಲೆ ಕೆಂಪು ದದ್ದುಗಳು ಎದ್ದು ಒಂದಕ್ಕೊಂದು ಕೂಡಿಕೊಂಡವು. ತುಟಿ ಊದಿತು. ಬಿ.ಪಿ. ಇಳಿದು ಇಳಿದು ಯಂತ್ರಕ್ಕೆ ಸಿಗದಷ್ಟಾಯಿತು. ಅರಿವಳಿಕೆ ಕೊಡುವವರನ್ನು ಅಲ್ಲಿ ಮಯಕ್ಕ ಡಾಕ್ಟರ್ ಎನ್ನುತ್ತಾರೆ. ಬಾಲಮುರುಗನ್ ಎಂಬ ಆ ಮಯಕ್ಕ ಡಾಕ್ಟರ್ ದಿಂಡುಕ್ಕಲ್ಲಿನಿಂದ ಬಂದು ವರ್ಷವಾಗಿತ್ತಷ್ಟೇ. ಆತ "ಎಲ್ಲ ನಿಲ್ಲಿಸಿ, ಹೊಟ್ಟೆ ಮುಚ್ಚಿ!" ಎಂದು ಕಿರುಚಿ, ಒಂದಾದ ಮೇಲೊಂದು ಇಂಜೆಕ್ಷನ್ ತುಂಬಿದ. ತಮಿಳರಸಿ ಗಾಬರಿಯಲ್ಲಿ ಅತ್ತೆಯ ಕೆನ್ನೆ ತಟ್ಟುತ್ತ "ಅತ್ತೇ, ಅತ್ತೇ" ಎನ್ನುತ್ತಿದ್ದಳು. ಗ್ಲೌಸು ಹಾಕಿದ ಕೈಯಲ್ಲಿ.

ಅರ್ಧ ಗಂಟೆ ಹೋರಾಡಿ ಜೀವ ಉಳಿಸಿದರು. ಗಡ್ಡೆ ಇದ್ದಲ್ಲೇ ಉಳಿಯಿತು, ರಕ್ತ ಹೋಗುವುದೂ ನಿಲ್ಲಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾಮಾಕ್ಷಿಯಮ್ಮಾಳಿಗೆ ಮಾತು ಬಂದಿತ್ತು. ಬಾಲಮುರುಗನ್ ಅವಳ ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತ. ಮಗಳು ಸರಣ್ಯಾ ಅಲ್ಲೇ ಇದ್ದಳು. ಬೋಡಿಯಲ್ಲಿ ಕಾಲೇಜು ಓದುವ ಹುಡುಗಿ; ಮನೆಯ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ.

"ಅಮ್ಮನಿಗೆ ಹಿಂದೆ ಯಾವತ್ತಾದರೂ ಹೀಗೆ ತುಟಿ ಊದಿದ್ದಿದೆಯೇ?" ಎಂದು ಆತ ಕೇಳಿದ.

"ಊದಿದೆ ಸಾರ್. ನಾನಿನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ಬಾಳೆಹಣ್ಣು ತಿಂದು ಬಾಯೆಲ್ಲ ಊದಿ, ಉಸಿರು ಕಟ್ಟಿ ಬಿದ್ದುಬಿಟ್ಟಿದ್ದರು. ಮನೆದೇವರಿಗೆ ಆಗಲಿಲ್ಲ ಅಂತ ಅಜ್ಜಿ ಹೇಳಿದರು. ಅವತ್ತಿನಿಂದ ಬಿಟ್ಟರು."

ಬಾಲಮುರುಗನ್ ಕಾಮಾಕ್ಷಿಯಮ್ಮಾಳಿನ ಬಿರಿದ ಬೆರಳುಗಳನ್ನು ಬರಿಗೈಯಲ್ಲಿ ತಿರುಗಿಸಿ ನೋಡಿ ಹೇಳಿದ: "ಗ್ಲೌಸು ಮಾಡುವುದು ರಬ್ಬರ್ ಮರದ ಹಾಲಿನಿಂದ. ಆ ಹಾಲಿಗೂ ಬಾಳೆಹಣ್ಣಿಗೂ ಒಂದು ನಂಟಿದೆ. ಒಂದು ಆಗದವರಿಗೆ ಎಷ್ಟೋ ಸಲ ಇನ್ನೊಂದೂ ಆಗುವುದಿಲ್ಲ. ಇವರಿಗೆ ಆಗದಿರುವುದು ಮದ್ದಲ್ಲ, ನಮ್ಮ ಗ್ಲೌಸು." ಕೇಸ್ ಶೀಟು ತಿರುವಿ ಬೆರಳಿಟ್ಟ. "ಇದನ್ನು ತುಂಬಿದವರು ಊಟದ ವಿಷಯ ಕೇಳಲಿಲ್ಲವೇ?"

ಬಾಗಿಲ ಬಳಿ ನಿಂತಿದ್ದ ತಮಿಳರಸಿ ಬಾಯಿ ತೆರೆಯುವಷ್ಟರಲ್ಲಿ ಹಾಸಿಗೆಯಿಂದ ಕಾಮಾಕ್ಷಿಯಮ್ಮಾಳ್ ತಮಿಳಿನಲ್ಲಿ ಹೇಳಿಬಿಟ್ಟಳು: "ಅವಳು ಕೇಳಿದಳು ಸಾರ್. ನಾನೇ ಹೇಳಲಿಲ್ಲ."

ಡಾಕ್ಟರ್ ಹೊರಗೆ ಹೋದ ಮೇಲೆ ತಮಿಳರಸಿ ಹಾಸಿಗೆಯ ಕಂಬಿ ಹಿಡಿದು ನಿಂತಳು. "ಯಾಕ್ ಅತ್ತೆ ಸುಳ್ಳು ಯೇಳ್ದೆ? ನೀನು ಯೇಳಿದ್ದೆ. ನಾನೇ ಬರೀಲಿಲ್ಲ."

"ಸುಮ್ಕಿರು. ನಿನ್ ಕೆಲ್ಸ ಓದ್ರೆ ನಿನ್ ಮಕ್ಕ್ಳಿಗೆ ಸೋರು ಆಕೋರ್ ಯಾರು?"

"ಉಸುರು ಕಟ್ಟಿ ಬಿದ್ದಿದ್ದು ಒಂದ್ ಮಾತು ಯೇಳ್ಬಾರ್ದಾಗಿತ್ತಾ?"

"ನೀ ಕೇಳ್ಬಾರ್ದು, ನಾ ಯೇಳ್ಬಾರ್ದು. ನಿಂಗೊತ್ತಿಲ್ದೆ ಇರೋದಾ ತಾಯೀ?" ಎಂದು ಕಾಮಾಕ್ಷಿಯಮ್ಮಾಳ್ ಕಣ್ಣು ಮುಚ್ಚಿಕೊಂಡಳು. ತಮಿಳರಸಿ ಆಗಲೇ ಡಾಕ್ಟರ್ ಹಿಂದೆ ಓಡಿಹೋಗಿ ನಿಜ ಹೇಳಬಹುದಿತ್ತು. ಹೋಗಲಿಲ್ಲ. ಹೆದರಿಕೆಯಾಯಿತು, ಅಷ್ಟೇ, ಅದಕ್ಕೆ ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ.

ಮದುರೈಗೆ ಕಳಿಸುವ ಮಾತೂ ಬಂತು. ಫೋನು ಮಾಡಿದ ಎರಡು ಕಡೆಯೂ ಗುರುವಾರದವರೆಗೆ ಹಾಸಿಗೆ ಇಲ್ಲ ಎಂದರು. ಬಿ.ಪಿ. ನಿಲ್ಲದ ಹೆಂಗಸನ್ನು ಅಷ್ಟು ದೂರ ಆಂಬುಲೆನ್ಸಿನಲ್ಲಿ ಅಲ್ಲಾಡಿಸುವುದೂ ಸರಿಯಲ್ಲ. ಇಲ್ಲೇ ಮಾಡಬೇಕು, ಬುಧವಾರ ಬೆಳಿಗ್ಗೆ ಏಳಕ್ಕೆ, ದಿನದ ಮೊದಲ ಕೇಸಾಗಿ. ಯಾಕೆಂದರೆ ಗ್ಲೌಸಿನ ಪೌಡರ್ ರಬ್ಬರನ್ನು ಹೊತ್ತುಕೊಂಡು ಗಾಳಿಯಲ್ಲಿ ತೇಲುತ್ತದೆ. ಒಂದು ರಾತ್ರಿ ಯಾರೂ ಗ್ಲೌಸು ಬಿಚ್ಚದಿದ್ದರೆ ಕೆಳಗೆ ಕೂರುತ್ತದೆ, ಒರೆಸಿ ತೆಗೆಯಬಹುದು.

ಆ ಮಂಗಳವಾರ ತಮಿಳರಸಿ ಥಿಯೇಟರನ್ನು ತೊಳೆದಂತೆ ತನ್ನ ಮನೆಯನ್ನು ಹಬ್ಬಕ್ಕೂ ತೊಳೆದವಳಲ್ಲ. ಗೋಡೆ, ದೀಪ, ಎ.ಸಿ.ಯ ಜಾಲರಿ, ಟೇಬಲ್ಲಿನ ಕಾಲು, ಎಲ್ಲ ಒದ್ದೆ ಬಟ್ಟೆಯಲ್ಲಿ. ಪೌಡರ್ ಗ್ಲೌಸಿನ ಪೆಟ್ಟಿಗೆಗಳನ್ನೆಲ್ಲ ಹೊರಗಿನ ಬೀರುವಿಗೆ ಹಾಕಿ ಬೀಗ ಹಾಕಿದಳು. ಬಿ.ಪಿ. ನೋಡುವ ಪಟ್ಟಿಯ ಕೆಳಗೆ ತೋಳಿಗೆ ಸುತ್ತಲು ಹತ್ತಿಬಟ್ಟೆ. ಔಷಧಿ ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚದೆ, ಇಕ್ಕಳದಿಂದ ಮುಚ್ಚಳವನ್ನೇ ಕಿತ್ತು ತೆಗೆಯುವುದು. ಹಳೇ ಕಪಾಟಿನ ಮೂಲೆಯಿಂದ ಗಾಜಿನ ಸಿರಿಂಜುಗಳು. ಹುಡುಕುತ್ತ ಹೋದಷ್ಟೂ ರಬ್ಬರ್ ಸಿಗುತ್ತಲೇ ಇತ್ತು. ಟ್ರಾಲಿಯ ಚಕ್ರ, ಮುಖಕ್ಕೆ ಹಿಡಿಯುವ ಮಾಸ್ಕು, ತನ್ನದೇ ಕೂದಲಿಗೆ ಹಾಕಿದ ಬ್ಯಾಂಡು. ಹದಿನಾರು ವರ್ಷ ತಾನು ಇದರ ನಡುವೆ ಇದ್ದೆ, ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು.

ಉಳಿದದ್ದು ರಬ್ಬರಿಲ್ಲದ ಗ್ಲೌಸು. ತೇನಿಯಲ್ಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ದಿಂಡುಕ್ಕಲ್ಲಿನ ಒಬ್ಬ ವ್ಯಾಪಾರಿಯ ಬಳಿ ಇದೆ ಎಂದು ಗೊತ್ತಾಯಿತು. ಕಾಮಾಕ್ಷಿಯಮ್ಮಾಳಿನ ಗಂಡ ತಂಗವೇಲ್ ತರಕಾರಿ ಲಾರಿಯ ಡ್ರೈವರ್. ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ಲೋಡಿಗೆ ನಿಂತಿದ್ದವನು ಲಾರಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ದಿಂಡುಕ್ಕಲ್ಲಿಗೆ ಹೋಗಿ, ಸಂಜೆ ಡಬ್ಬವನ್ನು ಮಗುವಿನಂತೆ ಎದೆಗವಚಿಕೊಂಡು ಬಂದ.

"ಎಂಟೇ ಜೊತೆ ಇದ್ದುದ್ದು ತಾಯೀ. ಇನ್ನ ಬೇಕಂದ್ರೆ ಎರಡು ದಿನ ಆಯ್ತದಂತೆ. ಸಾಕಾಯ್ತದಾ?"

"ಸರಿಯಾಗಿ ಸಾಕು ಮಾಮ" ಎಂದಳು ತಮಿಳರಸಿ. ಬೆರಳು ಮಡಿಸಿ ನಾಲ್ಕು ಸಲ ಎಣಿಸಿದ್ದಳು. ಒಂದು ಹರಿದರೂ ಕಷ್ಟ.

ಬುಧವಾರ ಬೆಳಿಗ್ಗೆ ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕಾಮಾಕ್ಷಿಯಮ್ಮಾಳನ್ನು ಥಿಯೇಟರಿನ ಪಕ್ಕದ ಕೋಣೆಗೆ ತಂದು ಮಲಗಿಸಿ, ತೋಳಿಗೆ ಹತ್ತಿಬಟ್ಟೆ ಸುತ್ತಿದ್ದಾಗಿತ್ತು. ಆಗ ಹೊರಗೆ ಆಟೋ ಕಿರ್ರೆಂದು ನಿಂತಿತು. ತೇವಾರದಿಂದ ಬಂದ ಬಸುರಿ. ನೀರು ಒಡೆದು, ಮಗುವಿಗಿಂತ ಮೊದಲು ಹೊಕ್ಕುಳ ಬಳ್ಳಿ ಕೆಳಗೆ ಜಾರಿತ್ತು. ಮಗುವಿನ ಎದೆಬಡಿತ ನಿಂತು ನಿಂತು ಕೇಳುತ್ತಿತ್ತು. ಬೇರೆ ಆಸ್ಪತ್ರೆಗೆ ಕಳಿಸುವ ಮಾತೇ ಇಲ್ಲ, ದಾರಿಯಲ್ಲೇ ಮುಗಿದುಹೋಗುತ್ತದೆ. ಇರುವುದು ಒಂದೇ ಥಿಯೇಟರ್.

ಡಾಕ್ಟರಮ್ಮ ಹಿಂದಿನ ಮನೆಯಿಂದ ಬಿಚ್ಚುಗೂದಲಲ್ಲೇ ಓಡಿಬಂದರು. "ಸಿಸ್ಟರ್, ಗ್ಲೌಸ್! ಬೇಗ!"

ತಮಿಳರಸಿ ಬೀರುವಿನ ಮುಂದೆ ನಿಂತಳು. ಎಡಗೈಯಲ್ಲಿ ತಂಗವೇಲ್ ತಂದ ಎಂಟು ಜೊತೆಯ ಡಬ್ಬ, ಬಲಗೈಯಲ್ಲಿ ಬೀರುವಿನ ಬೀಗದ ಕೈ. ಡಬ್ಬ ಒಡೆದರೆ ಐದಾರು ಜೊತೆ ಈಗಲೇ ಹೋಗುತ್ತವೆ. ಮತ್ತೆ ಬರಲು ಎರಡು ದಿನ. ಬೀರು ತೆಗೆದರೆ ನಿನ್ನೆಯಿಡೀ ತೊಳೆದ ಗಾಳಿ ಎರಡು ನಿಮಿಷದಲ್ಲಿ ಹಾಳು. ಲೆಕ್ಕ ಅವಳಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಪಕ್ಕದ ಕೋಣೆಯಿಂದ ದನಿ ಬಂತು. ಸ್ಟ್ರೆಚರಿನ ಚಕ್ರದ ಸದ್ದಿನಲ್ಲೇ ಎಂಥ ಕೇಸೆಂದು ತಿಳಿಯುವ ಕಿವಿ ಅದು.

"ಅರಸೀ, ಪೌಡರ್ ಗ್ಲೌಸ್ ಒಡಿ. ಮಗಾ ಕಾಯಲ್ಲ. ನಾನು ಕಾಯ್ತೀನಿ."

ತಮಿಳರಸಿ ಬೀಗ ತೆಗೆದಳು. ಸರಣ್ಯಾಳನ್ನು ಕರೆದು ಅತ್ತೆಯ ಹಾಸಿಗೆಯನ್ನು ವರಾಂಡದ ಕೊನೆಯ ಕೋಣೆಗೆ ತಳ್ಳಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿಸಿದಳು. ಆಮೇಲೆ ಥಿಯೇಟರಿಗೆ ಓಡಿ, ಗ್ಲೌಸಿನ ಪ್ಯಾಕೆಟ್ಟನ್ನು ಹರಿದಳು. ಬಿಳೀ ಪುಡಿ ದೀಪದ ಬೆಳಕಿನಲ್ಲಿ ಮೇಲೇರುವುದನ್ನು ಜೀವನದಲ್ಲಿ ಮೊದಲ ಸಲ ನೋಡಿದಳು. ಏಳು ನಿಮಿಷಕ್ಕೆ ಮಗು ಹೊರಗೆ ಬಂತು. ಬೆನ್ನು ಉಜ್ಜಿದ ಮೇಲೆ ಅತ್ತಿತು.

ಮಧ್ಯಾಹ್ನ ತಲೆಗೆ ನೀರು ಹೊಯ್ದುಕೊಂಡು, ಬಟ್ಟೆ ಬದಲಿಸಿ, ತಮಿಳರಸಿ ಕೊನೆಯ ಕೋಣೆಯ ಹೊಸ್ತಿಲಲ್ಲಿ ನಿಂತಳು. ಒಳಗೆ ಹೋಗಲಿಲ್ಲ. ಕಾಮಾಕ್ಷಿಯಮ್ಮಾಳಿನ ಮುಖ ಬಿಳುಚಿ ತುಟಿಯ ಬಣ್ಣ ಹೋಗಿತ್ತು. ಎರಡನೇ ಬಾಟಲಿ ರಕ್ತ ಇಳಿಯುತ್ತಿತ್ತು. ಏರಿದ್ದಕ್ಕಿಂತ ಹೆಚ್ಚು ಕೆಳಗೆ ಹೋಗುತ್ತಿತ್ತು.

"ಯೇನ್ ಮಗಾ?"

"ಎಣ್ಣು."

"ಯಾರ್ ತೋರ್ಸಿದ್ದು?"

"ನಾನೇ."

"ಮಾಲಕ್ಷ್ಮಿ ಬಂದವ್ಳೆ ಅಂದ್ಯಾ?"

"ಮರ್ತೋದೆ ಅತ್ತೆ. ತಕ್ಕೊಳ್ಳಿ ಅಂದೆ."

"ಅಯ್ಯೋ ನಿನ್ನ! ತಕ್ಕೊಳ್ಳಿ ಅಂದ್ರೆ ತರಕಾರಿನಾ ಅದು?" ಎಂದು ಕಾಮಾಕ್ಷಿಯಮ್ಮಾಳ್ ನಗಲು ಹೋಗಿ ಸುಸ್ತಾದಳು. ಸ್ವಲ್ಪ ಹೊತ್ತಿನ ಮೇಲೆ, "ನಂಗೆ ಯೆದ್ರಿಕೆ ಆಯ್ತದೆ ಅರಸೀ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಬಂದದ್ದಿಲ್ಲ. ತಮಿಳರಸಿ "ಕವಲೆ ಪಡ್ಬೇಡ ಅತ್ತೆ, ಯೇನೂ ಆಗಲ್ಲ" ಎಂದಳು. ದಿನಕ್ಕೆ ಹತ್ತು ಜನ ರೋಗಿಗಳಿಗೆ ಹೇಳುವ ಮಾತು ಅದು.

ನಾಲ್ಕು ಗಂಟೆಗೆ ಬಾಲಮುರುಗನ್ ನಾಳೆ ಬೆಳಗಿನವರೆಗೆ ಕಾಯಲಾಗದು ಎಂದ. ಥಿಯೇಟರನ್ನು ಆಗಲೇ ಎರಡು ಸಲ ಒರೆಸಿಯಾಗಿತ್ತು. ಮೂರನೇ ಸಲ ಒರೆಸಿ ಐದೂವರೆಗೆ ಶುರು ಮಾಡುವುದು.

"ನಾನು ತಲೆಸ್ನಾನ ಮಾಡಿದ್ದೇನೆ ಸಾರ್, ಒಗೆದ ಬಟ್ಟೆ ಹಾಕಿದ್ದೇನೆ" ಎಂದಳು ತಮಿಳರಸಿ.

"ಬೇಡ ಸಿಸ್ಟರ್. ಡಾಕ್ಟರಮ್ಮನಿಗೂ ನನಗೂ ಬದಲಿ ಇಲ್ಲ, ಸ್ನಾನ ಮಾಡಿ ಬರುತ್ತೇವೆ. ಬೆಳಗಿನ ಕೇಸಿನಲ್ಲಿದ್ದವರಲ್ಲಿ ಬದಲಿ ಇರುವವರೆಲ್ಲ ಹೊರಗೆ. ರಜೆಯಲ್ಲಿದ್ದ ವೆಳ್ಳೈಯಮ್ಮಾಳ್ ಸಿಸ್ಟರನ್ನು ಕರೆಸಿದ್ದೇನೆ." ಆತ ಗದರಲಿಲ್ಲ, ಮೆತ್ತಗೇ ಹೇಳಿದ. ಗದರಿದ್ದರೆ ವಾದ ಮಾಡಬಹುದಿತ್ತು.

ಸ್ಟ್ರೆಚರ್ ಬಾಗಿಲಿಗೆ ಬಂದಾಗ ಕಾಮಾಕ್ಷಿಯಮ್ಮಾಳ್ ಕೈ ಚಾಚಿದಳು. ಮಯಕ್ಕ ಹತ್ತುವ ಮುಂಚೆ ರೋಗಿಯ ಕೈ ಹಿಡಿದುಕೊಳ್ಳುವುದು ಆ ಥಿಯೇಟರಿನಲ್ಲಿ ಅವಳ ಕೆಲಸವಾಗಿತ್ತು. ಯಾರೂ ಹೇಳಿದ್ದಲ್ಲ, ಅವಳೇ ವಹಿಸಿಕೊಂಡಿದ್ದು. ಈಗ ತನ್ನ ಕೈಯನ್ನು ಯಾರಾದರೂ ಹಿಡಿಯಲಿ ಎಂದು ಚಾಚಿದ್ದಳು. ತಮಿಳರಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮೂರು ಸಲ ಸೋಪು ಹಚ್ಚಿ ತೊಳೆದ ಕೈ. ಆದರೂ ಮುಟ್ಟಲು ಧೈರ್ಯವಾಗಲಿಲ್ಲ. ಬಾಗಿಲವರೆಗೆ ಸರಣ್ಯಾ ಹಿಡಿದುಕೊಂಡಳು. ಆಮೇಲೆ ಬಾಗಿಲು ಮುಚ್ಚಿತು.

ಹದಿನಾರು ವರ್ಷ ಆ ಬಾಗಿಲಿನ ಒಳಗಿದ್ದ ತಮಿಳರಸಿ ಹೊರಗಿನ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ಆ ಬೆಂಚಿನ ಒಂದು ಕಾಲು ಗಿಡ್ಡವೆಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಕೂತವರಿಗೆ ಒಳಗಿನ ಒಂದು ಸದ್ದೂ ಕೇಳುವುದಿಲ್ಲ ಎಂದೂ ಗೊತ್ತಿರಲಿಲ್ಲ. ತಂಗವೇಲ್ ಗೋಡೆಗೆ ತಲೆಯಾನಿಸಿ ನಿಂತಿದ್ದ.

"ಅಕ್ಕಾ, ಈಗ ಒಳಗೆ ಏನು ಮಾಡುತ್ತಿರುತ್ತಾರೆ?" ಎಂದು ಸರಣ್ಯಾ ತಮಿಳಿನಲ್ಲಿ ಕೇಳಿದಳು.

ತಮಿಳರಸಿ ಮೊದಮೊದಲು ಹೇಳಿದಳು. ಈಗ ಮಯಕ್ಕ ಕೊಟ್ಟಿರುತ್ತಾರೆ. ಈಗ ಹೊಟ್ಟೆ ತೆರೆದಿರುತ್ತಾರೆ. ಈಗ ಕಾಲು ಗಂಟೆ ಕಳೆಯಿತು, ಮೊನ್ನೆ ಯಂತ್ರ ಕೂಗಿದ್ದು ಇದೇ ಹೊತ್ತಿಗೆ, ಕೂಗಿದ್ದರೆ ಯಾರಾದರೂ ಓಡಿ ಬರುತ್ತಿದ್ದರು. ಯಾರೂ ಬರಲಿಲ್ಲ. ಗಂಟೆ ಆರೂವರೆಯಾಯಿತು. ವೆಳ್ಳೈಯಮ್ಮಾಳ್ ಅರ್ಧ ಬಾಗಿಲು ತೆಗೆದು ರಕ್ತದ ಬಾಟಲಿ ತೆಗೆದುಕೊಂಡು ಹೋದಳು. ಮತ್ತೆ ಬಂದು ಇನ್ನೊಂದು. ಎರಡನೇ ಸಲ ಅವಳು ತಮಿಳರಸಿಯ ಕಡೆ ನೋಡಲಿಲ್ಲ. ಅಂದಿನವರೆಗೆ ತಮಿಳರಸಿಯೂ ಬೆಂಚಿನವರ ಕಣ್ಣು ತಪ್ಪಿಸಿ ಹಾಗೆಯೇ ಒಳಗೆ ಹೋಗಿದ್ದವಳು. ಅದರ ಅರ್ಥ ಅವಳಿಗೆ ಗೊತ್ತಿತ್ತು.

ಏಳು ಗಂಟೆ ದಾಟಿದ ಮೇಲೆ ಬಾಲಮುರುಗನ್ ಹೊರಗೆ ಬಂದ. ತಂಗವೇಲನ ಮುಂದೆ ನಿಂತು, ಮಾಸ್ಕು ಇಳಿಸಿ, ನೆಲ ನೋಡುತ್ತ ಹೇಳಿದ. ಗಡ್ಡೆ ತೆಗೆದಾಗಿತ್ತು. ಆದರೆ ಎರಡು ದಿನ ರಕ್ತ ಕಳೆದುಕೊಂಡ ಎದೆ ತಡೆಯಲಿಲ್ಲ, ನಿಂತುಹೋಯಿತು. ಮುಕ್ಕಾಲು ಗಂಟೆ ಪ್ರಯತ್ನ ಮಾಡಿದೆವು ಎಂದ. ತಂಗವೇಲ್ ತಲೆಯಾಡಿಸುತ್ತಲೇ ಇದ್ದ, ಕೇಳಿಸಿತೋ ಇಲ್ಲವೋ. ಸರಣ್ಯಾ ಕೂಗಿಕೊಂಡದ್ದು ಮಾತ್ರ ಕನ್ನಡದಲ್ಲಿ. "ಅವ್ವಾ, ನಾನೇನ್ ಮಾಡ್ಲವ್ವಾ!"

ತಮಿಳರಸಿ ಡಾಕ್ಟರ್ ಹಿಂದೆ ನಾಲ್ಕು ಹೆಜ್ಜೆ ಹೋಗಿ, "ದದ್ದು ಎದ್ದಿತ್ತೇ ಸಾರ್?" ಎಂದು ಕೇಳಿದಳು.

"ಇಲ್ಲ ಸಿಸ್ಟರ್. ಒಂದು ಚುಕ್ಕೆಯೂ ಇಲ್ಲ. ನೀವು ಮಾಡಿದ್ದೆಲ್ಲ ಸರಿಯಾಗಿತ್ತು. ಸೋಮವಾರವೇ ಹೀಗೆ ಮಾಡಿದ್ದರೆ..." ಎಂದು ಆತ ಮಾತು ನಿಲ್ಲಿಸಿ, ಕಾಮಾಕ್ಷಿಯಮ್ಮಾಳಿನ ಕೇಸ್ ಶೀಟನ್ನು ಅವಳ ಕೈಗೆ ಕೊಟ್ಟು ಹೋದ. ಸಾವಿನ ಸಮಯ ಬರೆದು, ಉಳಿದದ್ದನ್ನು ತುಂಬಿ ಕೊಡುವುದು ಉಸ್ತುವಾರಿ ಸಿಸ್ಟರಿನ ಕೆಲಸ.

ಮೇಜಿನ ಮುಂದೆ ಕೂತು ಇನ್ನೂ ಪೆನ್ನು ತೆಗೆದಿರಲಿಲ್ಲ, ಒಬ್ಬ ಮುದುಕಿ ಬಾಗಿಲಲ್ಲಿ ಇಣುಕಿದಳು. ಬೆಳಗಿನ ಮಗುವಿನ ಅಜ್ಜಿ, ತೇವಾರದವಳು. ತಲೆ ತುಂಬ ಮಲ್ಲಿಗೆ, ಮುಖ ತುಂಬ ನಗು. ಕೈಯಲ್ಲಿ ತಟ್ಟೆ, ಒಂದು ಚಿಪ್ಪು ಬಾಳೆಹಣ್ಣು, ಕಲ್ಲುಸಕ್ಕರೆ.

"ಆಯಾ ಎಲ್ಲಿ ಅಮ್ಮಾ? 'ನಿಮ್ಮ ಮಗಳನ್ನೂ ಮೊದಲು ನಾನೇ ತೋರಿಸಿದ್ದು' ಅಂತ ಬಸುರಿ ಮಗಳನ್ನು ತೋರಿಸಲು ಬಂದಾಗಲೆಲ್ಲ ಹೇಳುತ್ತಿದ್ದಳು. ಬೆಳಿಗ್ಗೆ ಕಾಣಲಿಲ್ಲ. ಇದನ್ನು ಅವಳ ಕೈಗೇ ಕೊಡಬೇಕು."

ತಮಿಳರಸಿ ಎದ್ದು ನಿಂತು ಎರಡು ಕೈಯಿಂದ ತಟ್ಟೆ ತೆಗೆದುಕೊಂಡಳು. "ನಾನು ಕೊಡುತ್ತೇನಮ್ಮಾ" ಎಂದಳು. ಮುದುಕಿ ಮತ್ತೊಮ್ಮೆ ಕೈ ಮುಗಿದು ಮೊಮ್ಮಗಳ ಬಳಿಗೆ ಹೋದಳು.

ಹಣ್ಣು ಚೆನ್ನಾಗಿ ಕಳಿತಿತ್ತು, ಕೋಣೆಯೆಲ್ಲ ಘಮ್ಮೆಂದಿತು. ತಮಿಳರಸಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ತಟ್ಟೆಯನ್ನು ಮೇಜಿನ ತುದಿಗೆ ಸರಿಸಿ, ಕೇಸ್ ಶೀಟಿನ ಮೊದಲ ಹಾಳೆ ತೆಗೆದಳು. ಅಲರ್ಜಿ ಎಂಬುದರ ಮುಂದೆ ಅವಳ ದುಂಡಗಿನ ಅಕ್ಷರ ಹಾಗೇ ಇತ್ತು. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ಬಾಳೆಹಣ್ಣು" ಎಂದು ಬರೆದಳು. ಜಾಗ ಸಾಲದೆ ಅಂಚಿನಲ್ಲಿ ಬರೆಯುತ್ತ ಹೋದಳು. ರೋಗಿ ಭಾನುವಾರವೇ ನನಗೆ ಹೇಳಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಕೆಳಗೆ ಪೂರ್ತಿ ಹೆಸರು ಬರೆದು, ಸಹಿ ಹಾಕಿ, ಡಾಕ್ಟರ್ ಬಾಲಮುರುಗನ್ ಕೋಣೆಯತ್ತ ನಡೆದಳು.